ಮೈದಾನದ ನೆನಪನ್ನು ಕಾಯ್ದವರು

ಊರಿನಿಂದ ಬಂದ ನೆಂಟರಿಗೆ ನಾವು ಮುಂಬಯಿಯನ್ನು ತೋರಿಸುವ ಕ್ರಮ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿಯೂ ಒಂದೇ. ಬೆಳಿಗ್ಗೆ ಗೇಟ್‌ವೇ, ಮಧ್ಯಾಹ್ನ ರಾಣಿಬಾಗು, ಸಂಜೆ ಮಹಾಲಕ್ಷ್ಮಿಯ ದರ್ಶನ, ದೀಪ ಹಚ್ಚುವ ಹೊತ್ತಿಗೆ ಚೌಪಾಟಿ. ಇವುಗಳ ನಡುವೆ ಮೂರು ನಾಲ್ಕು ದೊಡ್ಡ ಬಯಲುಗಳನ್ನು ದಾಟಿಯೇ ಹೋಗಬೇಕು. ಆದರೆ ಟ್ಯಾಕ್ಸಿಯ ಕಿಟಕಿಯಿಂದ ಅವುಗಳ ಕಡೆಗೆ ಬೆರಳು ಮಾಡಿ, "ಇದನ್ನೂ ನೋಡಿ" ಎಂದು ಹೇಳುವವರು ಅಪರೂಪ. ಬಯಲಿನಲ್ಲಿ ನೋಡುವುದೇನಿದೆ, ಹುಡುಗರು ಚೆಂಡಾಡುತ್ತಿದ್ದಾರೆ, ಅಷ್ಟೇ ತಾನೆ ಎಂದು ನಾವು ಭಾವಿಸುತ್ತೇವೆ.

ಆ ಬಯಲುಗಳಲ್ಲಿ ನೋಡತಕ್ಕದ್ದು ಬಹಳವಿದೆ. ಅದು ಕಣ್ಣಿಗೆ ಬೀಳಬೇಕಾದರೆ ಮಾತ್ರ ಯಾರಾದರೂ ಕಥೆ ಹೇಳಬೇಕು. ಕೋಟೆಗೆ ಕಲ್ಲು ಸಾಕ್ಷಿ, ಗುಡಿಗೆ ಶಾಸನ ಸಾಕ್ಷಿ. ಆಟಕ್ಕೆ ಸಾಕ್ಷಿ ಯಾವುದು? ಸಂಜೆ ಕೋಲು ಕಿತ್ತು ಹುಡುಗರು ಮನೆಗೆ ಹೋದರೆ ಹುಲ್ಲಿನ ಮೇಲೆ ಏನೂ ಉಳಿಯುವುದಿಲ್ಲ. ಹಾಗೆ ಅಳಿದುಹೋಗುವುದನ್ನು ಹಿಡಿದಿಟ್ಟ ಮಹನೀಯರೊಬ್ಬರು ಇದೇ ನಗರದಲ್ಲಿ ನೂರು ವರ್ಷ ತುಂಬಿಸಿ 2020ರಲ್ಲಿ ತೀರಿಕೊಂಡರು. ಅವರ ಹೆಸರು ವಸಂತ ರಾಯ್‌ಜಿ. ಅವರು ಬರೆದ ಪುಸ್ತಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಭಾನುವಾರ ನಾನು ಮೈದಾನಗಳ ಮೇಲೆ ನಡೆದೆ. ಜೊತೆಯಲ್ಲಿ ಮೊಮ್ಮಗನಿದ್ದ. ವಾಚಕರೂ ಈಗ ನಮ್ಮೊಡನೆ ಬರಬಹುದು.

ಬೋರಿಬಂದರಿನಲ್ಲಿ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ, ಇಳಿದು ರಸ್ತೆ ದಾಟಿದರೆ ಆಜಾದ್ ಮೈದಾನ. ಒಂದು ಕಾಲಕ್ಕೆ ಇದು ಕೋಟೆಯ ಹೊರಗಿನ ಒಂದೇ ದೊಡ್ಡ ಬಯಲಾಗಿತ್ತು. ಆಂಗ್ಲರು ಅದನ್ನು ಎಸ್ಪ್ಲನೇಡ್ ಎಂದು ಕರೆಯುತ್ತಿದ್ದರು. ಶತ್ರು ಬಂದರೆ ತೋಪಿನ ಗುಂಡಿಗೆ ಅಡ್ಡವಿರಬಾರದೆಂದು ಅಲ್ಲಿ ಮನೆ ಕಟ್ಟಗೊಡುತ್ತಿರಲಿಲ್ಲ. 1860ರ ದಶಕದಲ್ಲಿ ಕೋಟೆಯ ಗೋಡೆಯನ್ನು ಕೆಡವಿದರು. ಬಯಲಿನ ನಡುವೆ ರಸ್ತೆಗಳು ಬಂದುವು. ಒಂದು ಹೋಗಿ ಆಜಾದ್, ಕ್ರಾಸ್, ಓವಲ್, ಕೂಪರೇಜ್ ಎಂದು ತುಂಡುಗಳಾದುವು. ಯುದ್ಧಕ್ಕಾಗಿ ಬಿಟ್ಟ ನೆಲ ಆಟಕ್ಕೆ ಒದಗಿತು. ಕೈಯಗಲ ಜಾಗಕ್ಕೂ ಬೆಲೆ ಕಟ್ಟುವ ಈ ಊರಿನಲ್ಲಿ ಇಷ್ಟು ಬಯಲು ಉಳಿದುಬಂದದ್ದೇ ನಮ್ಮ ಪುಣ್ಯ.

ಭಾನುವಾರದ ಆಜಾದ್ ಮೈದಾನವನ್ನು ಮೊದಲ ಸಲ ನೋಡಿದವರಿಗೆ ತಲೆ ತಿರುಗದಿರದು. ಅಲ್ಲಿ 22 ಪಿಚ್ಚುಗಳಿವೆ. ಒಂದು ತಂಡದ ಫೀಲ್ಡರು ಇನ್ನೊಂದು ತಂಡದ ಅಂಪೈರನ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಯಾರ ಚೆಂಡು, ಯಾರ ಓಟ ಎಂಬುದು ಆಡುವವರಿಗೆ ಮಾತ್ರ ಗೊತ್ತು. ಮಳೆಗಾಲದಲ್ಲಿ ಇಲ್ಲಿ ಕಾಂಗಾ ಲೀಗಿನ ಪಂದ್ಯಗಳು ನಡೆಯುತ್ತವೆ; ಡಾಕ್ಟರ್ ಕಾಂಗಾ ಅವರ ಹೆಸರಿನಲ್ಲಿ 1948ರಲ್ಲಿ ತೊಡಗಿದ ಈ ಸ್ಪರ್ಧೆಯಲ್ಲಿ ಕೆಸರು ನೆಲದ ಮೇಲೆ ಆಡಲು ಕಲಿತವನಿಗೆ ಬೇರೆ ಯಾವ ನೆಲವೂ ಕಷ್ಟವಾಗದೆಂದು ಮುಂಬಯಿಯವರ ನಂಬಿಕೆ. 1988ರ ಫೆಬ್ರವರಿಯಲ್ಲಿ ಶಾಲಾಬಾಲಕರಾಗಿದ್ದ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಮುರಿಯದ ಜೊತೆಯಾಟದಲ್ಲಿ 664 ಓಟ ಕೂಡಿಸಿದ್ದು ಈ ಬಯಲಿನಲ್ಲಿಯೇ. ನನ್ನ ಮೊಮ್ಮಗನಿಗೆ ಇದೊಂದು ಸಂಗತಿ ಗೊತ್ತಿತ್ತು. ಅದಕ್ಕಿಂತ ಹಿಂದಿನದೇನೂ ಗೊತ್ತಿರಲಿಲ್ಲ.

ಮೈದಾನದ ತೆಂಕಣ ತುದಿಯಲ್ಲಿ, ಇಳಿಜಾರು ಮಾಡಿನ ಹಳೆಯ ಕಟ್ಟಡವೊಂದಿದೆ. ಅದು 1875ರಲ್ಲಿ ಸ್ಥಾಪಿತವಾದ ಬಾಂಬೆ ಜಿಮಖಾನಾ. ಬಹುಕಾಲ ಅಲ್ಲಿ ಭಾರತೀಯರನ್ನು ಸದಸ್ಯರನ್ನಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ಭಾರತೀಯ ಕ್ರಿಕೆಟ್ಟಿನ ಎರಡು ದೊಡ್ಡ ದಿನಗಳನ್ನು ಆ ಹುಲ್ಲೇ ಕಂಡಿತು. 1926ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಬಂದ ಎಂ.ಸಿ.ಸಿ. ತಂಡದ ಮೇಲೆ ಹಿಂದೂ ತಂಡದ ಪರವಾಗಿ ಆಡಿದ ಸಿ. ಕೆ. ನಾಯುಡು 11 ಸಿಕ್ಸರುಗಳೊಡನೆ 153 ಓಟ ಹೊಡೆದರು. ಏಳು ವರ್ಷಗಳ ಮೇಲೆ, 1933ರ ಡಿಸೆಂಬರ್ 15ರಂದು, ನಮ್ಮ ನೆಲದ ಮೇಲಿನ ಮೊತ್ತಮೊದಲ ಟೆಸ್ಟ್ ಪಂದ್ಯ ಇಲ್ಲಿಯೇ ತೊಡಗಿತು. ನಾಯುಡು ನಮ್ಮ ನಾಯಕರು, ಜಾರ್ಡಿನ್ ಅವರ ನಾಯಕ. ಪಂದ್ಯವನ್ನು ನಾವು ಸೋತೆವು. ಆದರೆ ಲಾಲಾ ಅಮರನಾಥರು ತಮ್ಮ ಮೊದಲ ಟೆಸ್ಟಿನಲ್ಲಿಯೇ 118 ಹೊಡೆದು, ಭಾರತದ ಮೊದಲ ಟೆಸ್ಟ್ ಶತಕವನ್ನು ಗಳಿಸಿಕೊಟ್ಟರು.

ಆ ದಿನಗಳಲ್ಲಿ ಪ್ರೇಕ್ಷಕರ ನಡುವೆ ಹದಿಮೂರು ವರ್ಷದ ಹುಡುಗನೊಬ್ಬನಿದ್ದ. ಅವನೇ ವಸಂತ ರಾಯ್‌ಜಿ. 1920ರ ಜನವರಿ 26ರಂದು ಹುಟ್ಟಿದ ಆ ಹುಡುಗ, ತಾನು ಕಂಡುದನ್ನು ಮುಂದೆ ಎಂಬತ್ತಾರು ವರ್ಷ ಮರೆಯಲಿಲ್ಲ. ನಾಯುಡು ಅವರು ಬಾಲ್ಯದಲ್ಲಿ ಮನಸ್ಸಿನೊಳಗೆ ನಿಂತ ವೀರರು. 1989ರಲ್ಲಿ, ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ರಾಯ್‌ಜಿಯವರು ಅವರ ಜೀವನಚರಿತ್ರೆಯನ್ನು ಅಚ್ಚು ಹಾಕಿಸಿದರು.

ರಾಯ್‌ಜಿ ಸ್ವತಃ ಆಟಗಾರರೇ. 1940ರ ದಶಕದಲ್ಲಿ ಮುಂಬಯಿ ಮತ್ತು ಬರೋಡಾ ತಂಡಗಳ ಪರವಾಗಿ ಬ್ಯಾಟ್ ಹಿಡಿದರು; ವಿಜಯ ಮರ್ಚಂಟರ ನಾಯಕತ್ವದಲ್ಲಿಯೂ ಆಡಿದರು. ಆದರೆ ಅಂಕಿಗಳನ್ನು ನೋಡಿದರೆ ಪ್ರಥಮ ದರ್ಜೆಯ ಪಂದ್ಯಗಳು 9, ಒಟ್ಟು ಓಟ 277, ಹೆಚ್ಚೆಂದರೆ 68. ಇಷ್ಟಕ್ಕೆ ಯಾರೂ ಯಾರನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ವೃತ್ತಿಯಿಂದ ಅವರು ಚಾರ್ಟರ್ಡ್ ಅಕೌಂಟೆಂಟ್. ಹಗಲೆಲ್ಲ ಇನ್ನೊಬ್ಬರ ಜಮಾಖರ್ಚು ತಿದ್ದುವ ಕೆಲಸ. ತಮ್ಮ ಆಟದ ಲೆಕ್ಕ ಬೇಗ ಮುಗಿದಾಗ ಅವರು ಕೊರಗುತ್ತ ಕೂಡಲಿಲ್ಲ. ಇತರರ ಆಟದ ಲೆಕ್ಕ ಬರೆಯಲು ಕುಳಿತರು. ರಣಜಿ, ದುಲೀಪ್, ಸಿ. ಕೆ. ನಾಯುಡು, ಎಲ್. ಪಿ. ಜಯ್ ಮೊದಲಾದವರ ಮೇಲೆ ಅವರ ಪುಸ್ತಕಗಳಿವೆ. ರಣಜಿ ಟ್ರೋಫಿಯ ಕಥೆಯನ್ನೂ ಬರೆದಿದ್ದಾರೆ. 1915ರಲ್ಲಿ ತೀರಿಹೋದ ಆಸ್ಟ್ರೇಲಿಯದ ವಿಕ್ಟರ್ ಟ್ರಂಪರನನ್ನು ರಾಯ್‌ಜಿ ಕಂಡವರೇ ಅಲ್ಲ. ತಾವು ಹುಟ್ಟುವ ಮೊದಲೇ ಸತ್ತ, ಕಡಲಾಚೆಯ ಆ ದಾಂಡಿಗನ ಮೇಲೂ ಒಂದು ಪುಸ್ತಕ ಮಾಡಿದರು. ಪ್ರೀತಿಗೆ ದೇಶವೂ ಇಲ್ಲ, ಕಾಲವೂ ಇಲ್ಲ.

ಅವರ ಒಂದು ಪುಸ್ತಕದ ಹೆಸರು ‘ಇಂಡಿಯಾಸ್ ಹ್ಯಾಂಬಲ್ಡನ್ ಮೆನ್’. ಹ್ಯಾಂಬಲ್ಡನ್ ಎಂಬುದು ಇಂಗ್ಲೆಂಡಿನ ಒಂದು ಹಳ್ಳಿ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಸಂಘದವರು ಕ್ರಿಕೆಟ್ಟಿಗೆ ರೂಪು ಕೊಟ್ಟರೆಂದು ಆಂಗ್ಲರು ಆ ಹಳ್ಳಿಯನ್ನು ಆಟದ ತೊಟ್ಟಿಲೆಂದು ಕೊಂಡಾಡುತ್ತಾರೆ. ನಮಗೂ ಅಂಥ ತೊಟ್ಟಿಲೊಂದಿತ್ತು, ಅದನ್ನು ತೂಗಿದ ಕೈಗಳಿದ್ದುವು ಎಂಬುದನ್ನು ಹೇಳುವುದಕ್ಕಾಗಿಯೇ ರಾಯ್‌ಜಿ ಆ ಹೆಸರನ್ನು ಆರಿಸಿಕೊಂಡರು. ನಾವು ನಿಂತಿದ್ದ ಬಯಲೇ ಆ ತೊಟ್ಟಿಲು. ಮುಂಬಯಿಯ ಪಾರಸಿಗಳು 1848ರಲ್ಲಿಯೇ ಇಲ್ಲಿ ಓರಿಯಂಟಲ್ ಕ್ರಿಕೆಟ್ ಕ್ಲಬ್ಬನ್ನು ಕಟ್ಟಿದ್ದರು.

ಈ ಕಾಯಕದಲ್ಲಿ ರಾಯ್‌ಜಿಯವರೇ ಮೊದಲಿಗರಲ್ಲ. 1880ರ ದಶಕದ ಆರಂಭದಲ್ಲಿ ಗೋರಾ ಸಾಹೇಬರು ಇದೇ ಬಯಲಿನಲ್ಲಿ ಕುದುರೆಯೇರಿ ಪೋಲೋ ಆಡುತ್ತಿದ್ದರು. ಗೊರಸಿನ ತುಳಿತಕ್ಕೆ ನೆಲ ಕಿತ್ತುಬಂದು, ಬಡ ಹುಡುಗರ ಕ್ರಿಕೆಟ್ಟು ಕೆಡುತ್ತಿತ್ತು. ಶಾಪೂರ್ಜಿ ಸೊರಾಬ್ಜಿ ಎಂಬ ಪಾರಸಿ ಗೃಹಸ್ಥರು ಆಟಗಾರರ ಪರವಾಗಿ ಸರಕಾರಕ್ಕೆ ಅರ್ಜಿಗಳ ಮೇಲೆ ಅರ್ಜಿ ಹಾಕಿ ವಾದಿಸಿದರು; 1897ರಲ್ಲಿ ಆ ಹೋರಾಟದ ಕಥೆಯನ್ನು ಪುಸ್ತಕವಾಗಿ ಬರೆದಿಟ್ಟರು. ಆ ಪುಸ್ತಕವಿಲ್ಲದಿದ್ದರೆ, ಈ ಬಯಲಿನ ಮೇಲೆ ನಮ್ಮ ಮಕ್ಕಳು ಚೆಂಡಾಡುವ ಹಕ್ಕಿಗೂ ಒಂದು ಜಗಳ ನಡೆದಿತ್ತೆಂದು ಯಾರಿಗೆ ತಿಳಿಯುತ್ತಿತ್ತು? ರಾಯ್‌ಜಿಯವರು ನಡೆದದ್ದು ಶಾಪೂರ್ಜಿಯವರು ಹಾಕಿಕೊಟ್ಟ ದಾರಿಯಲ್ಲಿ.

ಅಲ್ಲಿಂದ ಕ್ರಾಸ್ ಮೈದಾನವನ್ನು ದಾಟಿ ಚರ್ಚ್‌ಗೇಟಿನ ಕಡೆಗೆ ನಡೆದೆವು. ನಿಲ್ದಾಣದಿಂದ ನಾಲ್ಕು ಹೆಜ್ಜೆಗೆ ಬ್ರೇಬೋರ್ನ್ ಸ್ಟೇಡಿಯಂ. ಕಡಲನ್ನು ತುಂಬಿ ಪಡೆದ ನೆಲದ ಮೇಲೆ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದವರು ಕಟ್ಟಿದ ಈ ಕ್ರೀಡಾಂಗಣ 1937ರಲ್ಲಿ ತೆರೆಯಿತು. ಅದಕ್ಕೆ ಐವತ್ತು ತುಂಬಿದಾಗ ಅದರ ಚರಿತ್ರೆಯನ್ನು ರಾಯ್‌ಜಿ ಮತ್ತು ಅವರ ಸ್ನೇಹಿತ ಆನಂದ್‌ಜಿ ಡೋಸಾ ಸೇರಿ ಬರೆದರು. ಡೋಸಾ ಅವರು ಅಂಕಿಅಂಶಗಳ ಭಂಡಾರ; ರಾಯ್‌ಜಿಯವರಿಗೆ ಆ ಅಂಕಿಯ ಹಿಂದಿನ ಮನುಷ್ಯನ ಮೇಲೆ ಕಣ್ಣು. ಒಬ್ಬರು ಎಷ್ಟು ಎಂದು ಹೇಳಿದರೆ ಇನ್ನೊಬ್ಬರು ಹೇಗೆ ಎಂದು ಹೇಳುವರು. ಎರಡೂ ಕೂಡಿದರೆ ಚರಿತ್ರೆ.

ಈ ಅಂಗಣದ ಮುಂದೆ ನಿಂತಾಗ ಕನ್ನಡಿಗರಿಗೆ ಎರಡು ನೆನಪುಗಳು ಬರಬೇಕು. 1941–42ರಲ್ಲಿ ಮೈಸೂರು ತಂಡವು ರಣಜಿ ಟ್ರೋಫಿಯ ಅಂತಿಮ ಪಂದ್ಯದವರೆಗೆ ಬಂದಿತ್ತು. ಮುಂಬಯಿಯ ಕೈಯಲ್ಲಿ ಬಲವಾಗಿ ಸೋತು ಹಿಂದಿರುಗಿತು. ಮುಂದೆ 1960ರ ಜನವರಿಯಲ್ಲಿ, ನಮ್ಮ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಆಸ್ಟ್ರೇಲಿಯದ ಮೇಲಿನ ತಮ್ಮ ಮೊದಲ ಟೆಸ್ಟಿಗೆ ಇಲ್ಲಿಯೇ ಗ್ಲೌಸು ತೊಟ್ಟು ವಿಕೆಟ್ಟಿನ ಹಿಂದೆ ನಿಂತರು. ನಾಲ್ಕು ವರ್ಷಗಳ ನಂತರ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ 192 ಹೊಡೆದವರು ಅವರೇ. "ಮೂಲ್ಕಿ ಅಂದರೆ ನಮ್ಮ ಅಜ್ಜಿಯ ಊರಿನ ಹತ್ತಿರದ್ದೇ?" ಎಂದು ಮೊಮ್ಮಗ ಕೇಳಿದ. ಹೌದೆಂದೆ. ಅಲ್ಲಿಯವರೆಗೆ ಕಾಲೆಳೆಯುತ್ತಿದ್ದವನು ಆಮೇಲೆ ನನಗಿಂತ ಮುಂದೆ ನಡೆದ.

ಮರೀನ್ ಡ್ರೈವಿಗೆ ಬಂದು ಬಲಕ್ಕೆ ಹೊರಳಿದರೆ, ಎಡಕ್ಕೆ ಕಡಲು, ಬಲಕ್ಕೆ ಸಾಲಾಗಿ ಜಿಮಖಾನೆಗಳು: ಪಾರಸಿ, ಇಸ್ಲಾಂ, ಹಿಂದೂ. ಹಿಂದಿನ ಕಾಲದಲ್ಲಿ ತಂಡಗಳು ಮತಗಳ ಲೆಕ್ಕದಲ್ಲಿ ಕಟ್ಟಲ್ಪಡುತ್ತಿದ್ದುವು. ಮೊದಲು ಯುರೋಪಿಯನ್ನರಿಗೂ ಪಾರಸಿಗಳಿಗೂ ಪಂದ್ಯ; 1907ರಿಂದ ಹಿಂದೂಗಳು, 1912ರಿಂದ ಮುಸಲ್ಮಾನರು, 1937ರಿಂದ ಉಳಿದವರು ಸೇರಿ ಅದು ಐದು ತಂಡಗಳ ಸ್ಪರ್ಧೆಯಾಯಿತು. ಹೀಗೆ ಬೇರೆಬೇರೆ ನಿಲ್ಲಿಸುವುದು ಸಲ್ಲದೆಂದು ಗಾಂಧೀಜಿಯವರಾದಿಯಾಗಿ ಹಲವರು ಹೇಳಿದ ಮೇಲೆ, 1946ರಲ್ಲಿ ಅದು ನಿಂತುಹೋಯಿತು. ನಿಂತದ್ದು ಒಳ್ಳೆಯದೇ. ಆದರೆ ನಿಂತಿತೆಂದು ಮರೆಯುವುದು ಸರಿಯಲ್ಲವೆಂದು ರಾಯ್‌ಜಿಯವರು ಅದರ ಚರಿತ್ರೆಯನ್ನೂ ಬರೆದಿಟ್ಟರು.

1894ರಲ್ಲಿ ಹುಟ್ಟಿದ ಹಿಂದೂ ಜಿಮಖಾನೆಯ ಎದುರು ಇಬ್ಬರನ್ನು ನೆನೆಯಬೇಕು. ಒಬ್ಬರು ಎಲ್. ಪಿ. ಜಯ್. ಅವರು ಆಡಿದ್ದು ಒಂದೇ ಟೆಸ್ಟು, ಆ 1933ರದು; ಗಳಿಸಿದ್ದು 19 ಮತ್ತು ಸೊನ್ನೆ. ದಾಖಲೆಯ ಪುಸ್ತಕ ನೋಡಿದವನು ಪುಟ ಮಗುಚಿ ಮುಂದೆ ಹೋಗುತ್ತಾನೆ. ಆದರೆ ಈ ನಗರದಲ್ಲಿ ಅವರ ಬ್ಯಾಟಿಂಗಿನ ಸೊಗಸನ್ನು ಕಂಡು ಮನೆಗೆ ಹೋಗಿ ಅನ್ನ ಮರೆತವರಿದ್ದರು. 1976ರಲ್ಲಿ ರಾಯ್‌ಜಿ ಜಯ್ ಅವರ ನೆನಪಿಗೇ ಒಂದು ಪುಸ್ತಕವನ್ನು ಮೀಸಲಿಟ್ಟರು. ಹತ್ತೊಂಬತ್ತು ಮತ್ತು ಸೊನ್ನೆಯ ನಡುವೆ ಒಬ್ಬ ಮನುಷ್ಯನು ಮುಚ್ಚಿಹೋಗಬಾರದಲ್ಲ!

ಇನ್ನೊಬ್ಬರು ಪಾಲವಣಕರ ಬಾಳೂ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ದಲಿತ ಕುಟುಂಬದ ಹುಡುಗ, ಪುಣೆಯ ಸಾಹೇಬರ ಜಿಮಖಾನೆಯಲ್ಲಿ ನೆಲ ಗುಡಿಸಿ ಬಲೆ ಕಟ್ಟುವ ಕೆಲಸಕ್ಕಿದ್ದು, ಅವರಿಗೆ ಅಭ್ಯಾಸಕ್ಕೆಂದು ಚೆಂಡೆಸೆಯುತ್ತ ಎಡಗೈಯ ಮಹಾ ಬೋಲರ್ ಆದವರು. ಮುಂಬಯಿಗೆ ಬಂದು ರೈಲ್ವೆಯಲ್ಲಿ ಕೆಲಸ ಹಿಡಿದು ಹಿಂದೂ ತಂಡಕ್ಕೆ ಆಡಿದರು. 1906ರಲ್ಲಿ ಯುರೋಪಿಯನ್ನರ ಮೇಲೆ ಹಿಂದೂಗಳು ಗೆದ್ದ ಪಂದ್ಯದಲ್ಲಿ ಅವರ ಕೈಚಳಕ ದೊಡ್ಡದು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ಟು ಕಿತ್ತರು. ಮೈದಾನದಲ್ಲಿ ಚೆಂಡನ್ನು ಅವರ ಕೈಯಿಂದ ಇಸಿದುಕೊಂಡವರೇ ಚಹಾದ ಹೊತ್ತಿಗೆ ಅವರನ್ನು ಹೊರಗೆ ಕೂರಿಸಿ ಬೇರೆ ಮಣ್ಣಿನ ಲೋಟದಲ್ಲಿ ಚಹಾ ಕೊಟ್ಟ ಕಾಲವದು. ನಾಯಕತ್ವವಂತೂ ಅವರಿಗೆ ಸಿಗಲಿಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. ಬಾಳೂ 1955ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು. ಧಾರವಾಡದಿಂದ ಈ ಊರಿಗೆ ಬಂದು ಬೆವರು ಸುರಿಸಿದ ನಮ್ಮ ಹಿರಿಯರ ಪಟ್ಟಿ ಮಾಡುವಾಗ ನಾವು ಬಾಳೂ ಅವರನ್ನು ಸೇರಿಸುತ್ತೇವೆಯೇ? ನಮ್ಮ ಸಮಾರಂಭಗಳ ಭಾಷಣಗಳಲ್ಲಿ ನಾನು ಆ ಹೆಸರನ್ನು ಕೇಳಿದ್ದು ಕಡಮೆ.

ಇಲ್ಲಿ ಇನ್ನೊಂದು ಆಟದ ಮಾತನ್ನು ಎತ್ತಬೇಕು. ಆಜಾದ್ ಮೈದಾನದಲ್ಲಿ ನಿಂತ ಯಾವ ಹುಡುಗನನ್ನಾದರೂ, "ಇಲ್ಲಿ ಗಾಲ್ಫ್ ಆಡುತ್ತಿದ್ದರಂತೆ, ಗೊತ್ತೇ?" ಎಂದು ಕೇಳಿ ನೋಡಿ; ನಗುತ್ತಾನೆ. ಆದರೆ ಅದು ನಿಜ. ಮುಂಬಯಿಯ ಗಾಲ್ಫ್ ಸಂಘ 1842ರಲ್ಲಿ ಹುಟ್ಟಿದ್ದು, ಅಂದರೆ ಪಾರಸಿಗಳ ಕ್ರಿಕೆಟ್ ಕ್ಲಬ್ಬಿಗಿಂತ ಆರು ವರ್ಷ ಹಿರಿಯದು. ನಮ್ಮ ಬೆಂಗಳೂರಿನ ಗಾಲ್ಫ್ ಕ್ಲಬ್ಬಿಗಿಂತ ಮೂವತ್ತನಾಲ್ಕು ವರ್ಷ ಹಿರಿಯದು. ಕೋಟೆಯ ಹೊರಗಿನ ಈ ಬಯಲಿನಲ್ಲಿಯೇ ಸಾಹೇಬರು ಕೋಲು ಬೀಸುತ್ತಿದ್ದರು. ಗಾಲ್ಫಿನ ತವರಾದ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸಿಗೆ ಮುಂಬಯಿಯ ಆಟಗಾರರು ಪದಕವೊಂದನ್ನು ಕಳುಹಿಸಿಕೊಟ್ಟಿದ್ದರು. ಬಾಂಬೆಯ ಹೆಸರು ಅಲ್ಲಿ ಆ ಪದಕದ ಮೇಲೆ ಉಳಿಯಿತು, ಇಲ್ಲಿ ಮೈದಾನದ ಮೇಲೆ ಅಳಿಯಿತು. ಆ ಹಳೆಯ ಸಂಘವೇ ಈಗಿಲ್ಲ. 1918ರಲ್ಲಿ ಹುಟ್ಟಿದ ವಿಲಿಂಗ್ಡನ್ ಕ್ಲಬ್ಬಿನ ಹಸಿರಿನಲ್ಲಿಯೂ, 1927ರಲ್ಲಿ ಚೆಂಬೂರಿನಲ್ಲಿ ಆದ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬಿನಲ್ಲಿಯೂ ಆಟ ನಡೆದಿದೆ. ಚೆಂಬೂರಿನಲ್ಲಿ ನಮ್ಮವರ ಸಂಘವಿದೆ, ಶಾಲೆಯಿದೆ. ಆ ಗೋಡೆಯ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತ ನಿಂತ ನಮ್ಮ ಕನ್ನಡ ಮಕ್ಕಳಿಗೆ ಒಳಗಿನ ಆಟ ಈ ಊರಿನಲ್ಲಿ ನೂರೆಂಬತ್ತು ವರ್ಷ ಹಳೆಯದೆಂದು ಯಾರು ಹೇಳಬೇಕು?

ಗಾಲ್ಫು ಗೋಡೆಯೊಳಗೆ ಹೋಯಿತು. ಕ್ರಿಕೆಟ್ಟು ಬಯಲಿನಲ್ಲಿ ಉಳಿಯಿತು. ಒಂದು ಜನರ ನೆನಪಿನಿಂದ ಜಾರಿತು, ಇನ್ನೊಂದು ಮನೆಮಾತಾಯಿತು. ಇದಕ್ಕೆ ಕಾರಣಗಳು ಹಲವು. ಗಾಲ್ಫಿಗೆ ಬೇಕಾದ ನೆಲ, ಸಲಕರಣೆ, ಸದಸ್ಯತ್ವದ ಹಣ ಬಡವರ ಕೈಗೆ ಎಟಕುವಂಥವಲ್ಲ. ಆದರೆ ಮನೆಮಾತಾದ ಆಟಕ್ಕೂ ಮರೆವಿದೆ. ಇಂದಿನ ವೀರನ ಹೆಸರು ನಿನ್ನೆಯ ವೀರನ ಹೆಸರನ್ನು ಒರಸುತ್ತದೆ. ಹಾಗೆ ಒರಸಿಹೋಗದಂತೆ ಮುಂಬಯಿಯ ಕ್ರಿಕೆಟ್ಟಿಗೆ ಶಾಪೂರ್ಜಿಯಿಂದ ರಾಯ್‌ಜಿಯವರೆಗೆ ಒಬ್ಬರಾದ ಮೇಲೊಬ್ಬರು ಕಾವಲುಗಾರರು ಸಿಕ್ಕಿದರು.

ಜಿಮಖಾನೆಗಳ ಸಾಲು ಮುಗಿದು ಚೌಪಾಟಿಗೆ ಬರುವಾಗ ಎದುರಿಗೆ ಮಲಬಾರ್ ಹಿಲ್ಲಿನ ಗುಡ್ಡ. ಅದರ ಮೇಲೆ ವಾಲ್ಕೇಶ್ವರ. ರಾಯ್‌ಜಿಯವರ ಮನೆಯಿದ್ದದ್ದು ಅಲ್ಲಿ. ನಮ್ಮ ಮೈಸೂರು ತಂಡದ ಹಿರಿಯ ಆಟಗಾರರಾದ ಬಿ. ಕೆ. ಗರುಡಾಚಾರ್ಯರು 2016ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ, ಭಾರತದ ಪ್ರಥಮ ದರ್ಜೆ ಆಟಗಾರರಲ್ಲಿ ಬದುಕಿದ್ದ ಅತಿ ಹಿರಿಯರೆಂಬ ಮಾತು ರಾಯ್‌ಜಿಯವರ ಪಾಲಿಗೆ ಬಂದಿತು. 2020ರ ಜನವರಿಯಲ್ಲಿ ನೂರು ತುಂಬಿದಾಗ ಸಚಿನ್ ತೆಂಡೂಲ್ಕರ್ ಮತ್ತು ಆಸ್ಟ್ರೇಲಿಯದ ಸ್ಟೀವ್ ವಾ ಅವರ ಮನೆಗೇ ಹೋಗಿ ಕೇಕು ಕತ್ತರಿಸಿ ಹಳೆಯ ಕಥೆ ಕೇಳಿ ಬಂದರು. ಟೆಸ್ಟಿನಲ್ಲಿ ಸಾವಿರಾರು ಓಟ ಹೊಡೆದವರಿಬ್ಬರು, ಒಟ್ಟು 277 ಓಟ ಹೊಡೆದ ಮುದುಕರ ಮುಂದೆ ಕುಳಿತು ಕಿವಿಗೊಟ್ಟರು. ಆ ಮಾರ್ಚಿಯಲ್ಲಿ ಇಂಗ್ಲೆಂಡಿನ ಜಾನ್ ಮ್ಯಾನರ್ಸ್ ನಿಧನರಾದಾಗ ರಾಯ್‌ಜಿ ಜಗತ್ತಿಗೇ ಹಿರಿಯ ಆಟಗಾರರಾದರು. ಜೂನ್ 13ರಂದು, ಮಹಾಮಾರಿಯ ಭಯದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ, ಅವರು ಕಣ್ಣು ಮುಚ್ಚಿದರು. ಮುಂಬಯಿಯಲ್ಲಿ ಆ ದಿನಗಳಲ್ಲಿ ಸತ್ತವರ ಅಂತ್ಯಕ್ರಿಯೆಗೂ ಹೆಚ್ಚು ಜನ ಕೂಡುವಂತಿರಲಿಲ್ಲ. ಅವರ ಪ್ರೀತಿಯ ಮೈದಾನಗಳಲ್ಲಿ ಒಂದು ಕೋಲೂ ನೆಟ್ಟಿರಲಿಲ್ಲ.

ಮಹಾಮಾರಿಯ ಆ ಎರಡು ವರ್ಷಗಳಲ್ಲಿ ನಮ್ಮ ಮನೆಗಳಿಂದಲೂ ಎಷ್ಟು ಹಿರಿಯರು ಹೋದರು! ಕೋಟೆಯ ಹೋಟೆಲಿನಲ್ಲಿ ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು; ಭಾನುವಾರ ಒಂದೇ ದಿನ ರಜೆಯಿದ್ದರೂ ಆಜಾದ್ ಮೈದಾನದ ಅಂಚಿನಲ್ಲಿ ನಿಂತು ಪರರ ಪಂದ್ಯಕ್ಕೆ ಚಪ್ಪಾಳೆ ತಟ್ಟಿದವರು; ಮಾಟುಂಗಾದ ಚಾಳಿನಲ್ಲಿ ಹತ್ತು ಜನ ಸೇರಿ ನಾಟಕವಾಡಿ, ಯಕ್ಷಗಾನ ಕಟ್ಟಿ, ಸಂಘ ನಡೆಸಿದವರು. ಅವರೊಡನೆ ಅವರ ಕಥೆಯೂ ಹೋಯಿತು. ಸಂಘದ ವರದಿಯಲ್ಲಿ ಅವರದೂ ಜಯ್ ಅವರ ಹತ್ತೊಂಬತ್ತು ಮತ್ತು ಸೊನ್ನೆಯ ಹಾಗೆ ಒಂದು ಸಾಲು ಇದ್ದೀತು: ಇಂಥ ವರ್ಷ ಕೋಶಾಧಿಕಾರಿ, ಚಂದಾ ಇಷ್ಟು. ಮನುಷ್ಯ ಮಾತ್ರ ಆ ಸಾಲಿನೊಳಗಿಲ್ಲ.

ರಾಯ್‌ಜಿಯವರ ಪುಸ್ತಕಗಳಿಂದ ನಾನು ಕಲಿತದ್ದು ದೊಡ್ಡ ವಿದ್ಯೆಯೇನಲ್ಲ. ಅವರು ಯಾರನ್ನೂ ದೇವರು ಮಾಡಲಿಲ್ಲ. ಹೆಸರು ಬರೆದರು, ಜಾಗ ಬರೆದರು, ಇಸವಿ ಬರೆದರು, ಆಮೇಲೆ ತಾವು ಕಂಡ ಆಟದ ಸೊಗಸನ್ನು ಬರೆದರು. ಹಗಲು ಕಚೇರಿಯ ಕೆಲಸ ಮಾಡಿಕೊಂಡೇ ಇದನ್ನೆಲ್ಲ ಮಾಡಿದರು. ಇದಕ್ಕೆ ಪದವಿ ಬೇಡ, ಸಂಬಳ ಬೇಡ. ಬೇಕಾದದ್ದು ಪ್ರೀತಿ, ಮತ್ತು ಒಂದು ನೋಟುಬುಕ್ಕು.

ಆದುದರಿಂದ ಮುಂದಿನ ಸಲ ಊರಿನ ನೆಂಟರು ಬಂದಾಗ ಚೌಪಾಟಿಗೆ ಮೊದಲು ಅವರನ್ನು ಬೋರಿಬಂದರಿನಿಂದ ಈ ದಾರಿಯಲ್ಲಿ ನಡೆಸಿ ತನ್ನಿ. ನಿಧಾನವಾಗಿ ನಡೆದರೂ ಎರಡು ಗಂಟೆಗಿಂತ ಹೆಚ್ಚು ಹಿಡಿಯದು. ಮಕ್ಕಳಿಗೆ ಬಾಳೂ ಅವರ ಹೆಸರು ಹೇಳಿ, ಕುಂದರನ್ನರ ಹೆಸರು ಹೇಳಿ. ಮನೆಗೆ ಬಂದ ಮೇಲೆ, ಕಪಾಟಿನ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸಿ, ಅದರೊಳಗಿನ ಫೋಟೋಗಳನ್ನು ಅಜ್ಜನ ಮುಂದೆಯೋ ದೊಡ್ಡಮ್ಮನ ಮುಂದೆಯೋ ಹರಡಿರಿ. ಒಂದೊಂದರ ಬೆನ್ನ ಮೇಲೂ ಅವರು ಹೇಳಿದ ಹಾಗೆ ಹೆಸರು, ಊರು, ಇಸವಿ ಬರೆಯಿಸಿರಿ. ಅವರ ಕಣ್ಣು ಇನ್ನೂ ಮಂಜಾಗುವ ಮುಂಚೆ, ಈ ವಾರವೇ ಆಗಲಿ.